ರುಮಾಲು ತರದವನು

“ಗುರುಗಳೇ, ಐವರ ತಂಡದಲ್ಲಿ ಒಬ್ಬ ಎಲ್ಲರಿಗಿಂತ ಕೆಳಗಿದ್ದರೆ, ಅವನನ್ನು ಬಿಟ್ಟು ಬೇರೆಯವನನ್ನು ಸೇರಿಸಿಕೊಳ್ಳುವುದು ತಪ್ಪೇ?”

ಪಂಪಾಪತಿ ಹೀಗೆ ಕೇಳಿ ಮೊಬೈಲನ್ನು ಚಾಪೆಯ ಮೇಲಿಟ್ಟ.

ಕೊಟ್ರಪ್ಪ ಶೆಟ್ಟರು ನಲವತ್ತು ವರ್ಷ ಒಣಮೆಣಸಿನಕಾಯಿ ವ್ಯಾಪಾರ ಮಾಡಿ ಬಿಟ್ಟವರು. ಈಗ ಬೆಳಗಿನ ಹೊತ್ತು ಮಠದ ಪಡಸಾಲೆಯಲ್ಲಿ ಕೂತು ಕೇಳಿದವರಿಗೆ ಬುದ್ಧಿ ಹೇಳುತ್ತಿದ್ದರು. ಕೇಳದವರಿಗೆ ಹೇಳುತ್ತಿರಲಿಲ್ಲ. ಅವರು ಮೊಬೈಲನ್ನು ನೋಡಿದರು, ಮುಟ್ಟಲಿಲ್ಲ.

“ಕೆಳಗೆ ಎಂದರೆ ಎಲ್ಲಿ?” ಎಂದರು.

ಪಂಪಾಪತಿ ಬಿಡಿಸಿ ಹೇಳಿದ. ಅದೊಂದು ಕಾಳಗದ ಆಟ. ಈ ಕಡೆ ಐವರು, ಆ ಕಡೆ ಐವರು. ಆಟದೊಳಗೆ ನಲವತ್ತೆರಡು ವೀರರಿದ್ದಾರೆ. ಆಡುವವನು ಅವರಲ್ಲಿ ಒಬ್ಬನನ್ನು ಆರಿಸಿಕೊಂಡು ಕುಣಿಸಬೇಕು. ಒಬ್ಬನಿಗೆ ಬಿಲ್ಲು, ಒಬ್ಬನಿಗೆ ಕತ್ತಿ, ಒಬ್ಬನಿಗೆ ಬೆಂಕಿ. ತನ್ನ ಗೆಳೆಯ ಹುಲುಗಪ್ಪ ಮಾತ್ರ ಮೊದಲಿನಿಂದಲೂ ದೀಪದವಳನ್ನೇ ಆಡಿಸುತ್ತಾನೆ. ಅವಳು ಯಾರನ್ನೂ ಹೊಡೆಯುವುದಿಲ್ಲ. ಬಿದ್ದವರ ಬಳಿ ಹೋಗಿ ದೀಪ ಹಿಡಿಯುತ್ತಾಳೆ, ಅವರು ಎದ್ದು ನಿಲ್ಲುತ್ತಾರೆ. ಎದ್ದವರನ್ನು ಎದುರಿನವರು ಮತ್ತೆ ಕೆಡವಿದರೆ ಅದೂ ಲೆಕ್ಕಕ್ಕೆ ಬರುತ್ತದೆ. ಆಟ ಮುಗಿದ ಮೇಲೆ ಯಾರು ಎಷ್ಟು ಜನರನ್ನು ಕೆಡವಿದರೆಂದು ತೆರೆಯ ಮೇಲೆ ಬರುತ್ತದೆ. ಹುಲುಗನ ಮುಂದೆ ಯಾವಾಗಲೂ ಸೊನ್ನೆ. ಭಾನುವಾರ ಪಕ್ಕದ ತಾಲ್ಲೂಕಿನವರ ಮೇಲೆ ಪಂದ್ಯ. ಐದು ಹೆಸರುಗಳನ್ನು ಇಂದು ಸಂಜೆಯೊಳಗೆ ಕೊಡಬೇಕು. ಕೆಳಗಿನ ಓಣಿಯಲ್ಲಿ ಕತ್ತಿಯ ವೀರನನ್ನು ಚೆನ್ನಾಗಿ ಆಡಿಸುವ ಒಬ್ಬನಿದ್ದಾನೆ.

“ಹುಲುಗನೂ ನಾನೂ ಒಂದನೇ ಇಯತ್ತೆಯಿಂದ ಒಂದೇ ಬೆಂಚು. ಅದಕ್ಕೇ ಕೇಳಲು ಬಂದೆ” ಎಂದ.

“ಅವನು ಕೆಳಗಿದ್ದಾನೆಂದು ಹೇಳಿದವರು ಯಾರು?”

“ನಾನೇ ಪಟ್ಟಿ ಮಾಡಿದ್ದೇನೆ, ಗುರುಗಳೇ. ನೂರು ಆಟ ನೋಡಿ ಮಾಡಿದ್ದು. ಮೇಲಿನ ದರ್ಜೆ, ನಡುವಿನ ದರ್ಜೆ, ಕೆಳಗಿನ ದರ್ಜೆ. ನಲವತ್ತೆರಡರಲ್ಲಿ ದೀಪದವಳು ನಲವತ್ತೆರಡನೆಯವಳು.”

“ಹುಲುಗ ಪಟ್ಟಿ ನೋಡಿದ್ದಾನೆಯೇ?”

“ನಾಲ್ಕು ದಿನದ ಹಿಂದೆ ಎಲ್ಲರಿಗೂ ಕಳಿಸಿದೆ. ಅವನು ಒಂದು ಹೆಬ್ಬೆರಳಿನ ಚಿತ್ರ ಕಳಿಸಿದ. ಬೇರೆ ಏನೂ ಅನ್ನಲಿಲ್ಲ.”

ಶೆಟ್ಟರು ಹೆಗಲ ಮೇಲಿನ ವಲ್ಲಿಯನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡರು. “ಒಂದು ಸಂಗತಿ ಹೇಳುತ್ತೇನೆ. ಕೇಳಿ ಆಮೇಲೆ ಹೆಸರು ಕೊಡು” ಎಂದರು.

ಒಬ್ಬ ವರ್ತಕನಿದ್ದ. ಕಡಲ ಕರೆಯಿಂದ ಉಪ್ಪನ್ನು ಎತ್ತುಗಳ ಮೇಲೆ ಹೇರಿ ಘಟ್ಟ ಹತ್ತಿಸಿ ಬಯಲು ಸೀಮೆಯಲ್ಲಿ ಮಾರುತ್ತಿದ್ದ. ಮೂವತ್ತು ಎತ್ತುಗಳು. ಕಾವಲಿಗೆ ಐದು ಆಳು. ಒಬ್ಬ ಬಿಲ್ಲಿನವನು, ಒಬ್ಬ ಈಟಿಯವನು, ಒಬ್ಬ ಕತ್ತಿಯವನು, ಒಬ್ಬ ಕವಣೆಯವನು. ಐದನೆಯವನ ಕೈಯಲ್ಲಿ ಒಂದು ಗಂಟೆ, ಅಷ್ಟೇ.

ವರ್ತಕನಿಗೆ ಒಬ್ಬನೇ ತಮ್ಮ. ಮುಂದಿನ ಎತ್ತಿನ ಹಗ್ಗ ಅವನ ಕೈಯಲ್ಲಿರುತ್ತಿತ್ತು.

ಘಟ್ಟದ ದಾರಿ ಹಾವು ಹರಿದ ಹಾಗೆ. ಮುಂದಿನವನಿಗೆ ಹಿಂದಿನವನು ಕಾಣುವುದಿಲ್ಲ. ಅದಕ್ಕೆ ಹಿಂದಿನಿಂದ ಬಂದ ಒಂದು ಕಟ್ಟಳೆ ಇತ್ತು. ಗಂಟೆಯವನು ಕಡೆಯ ಎತ್ತಿನ ಹಿಂದೆ ನಡೆಯಬೇಕು. ಹತ್ತು ಹೆಜ್ಜೆಗೊಮ್ಮೆ ಗಂಟೆ ಬಾರಿಸಬೇಕು. ಗಂಟೆ ಕೇಳುತ್ತಿದ್ದರೆ ಬಾಲ ನೆಟ್ಟಗಿದೆ ಎಂದು ಅರ್ಥ. ಗಂಟೆ ನಿಂತರೆ ತಮ್ಮ ನಿಲ್ಲಬೇಕು, ಎತ್ತುಗಳು ನಿಲ್ಲಬೇಕು, ನಾಲ್ವರೂ ಆಯುಧ ಹಿಡಿದು ಹಿಂದಕ್ಕೆ ಓಡಬೇಕು. ಘಟ್ಟದ ಕಳ್ಳರಿಗೂ ಈ ಕಟ್ಟಳೆ ಗೊತ್ತಿತ್ತು. ಅವರು ಮುಂದಿನಿಂದ ಬೀಳುತ್ತಿದ್ದರು, ಏಟು ತಿಂದು ಹೋಗುತ್ತಿದ್ದರು. ಹನ್ನೊಂದು ವರ್ಷ ಹಿಂದಿನಿಂದ ಒಬ್ಬನೂ ಬರಲಿಲ್ಲ.

ಪಯಣ ಮುಗಿದ ದಿನ ವರ್ತಕನ ಅಂಗಳದಲ್ಲಿ ಆಳುಗಳಿಗೆ ಊಟ. ಯಾರು ಮೊದಲು ಕೈಕಾಲು ತೊಳೆದುಕೊಂಡು ಬಂದರೋ ಅವರು ಮೊದಲ ಎಲೆಗೆ. ಒಂದು ಸಲ ಬಿಲ್ಲಿನವನು ತಡವಾಗಿ ಬಂದ. ಮೊದಲ ಎಲೆಯಲ್ಲಿ ಗಂಟೆಯವನು ಕೂತಿದ್ದ. ಬಿಲ್ಲಿನವನು ಕೂರದೆ ನಿಂತ. “ಧಣಿ, ನಾಲ್ಕು ಜನ ಕಳ್ಳರನ್ನು ಓಡಿಸಿದವನೂ ಒಂದೇ, ಎತ್ತಿನ ಬಾಲ ನೋಡಿಕೊಂಡು ಬಂದವನೂ ಒಂದೇ?” ಎಂದ.

ವರ್ತಕನಿಗೆ ಈ ಮಾತು ನ್ಯಾಯವೆನಿಸಿತು. ಅವನು ಉಪ್ಪನ್ನು ಮೂರು ರಾಶಿ ಮಾಡುತ್ತಿದ್ದವನು. ಬಿಳಿಯದು ಅಡುಗೆಗೆ, ಕಂದಿದ್ದು ದನಗಳಿಗೆ, ಮಣ್ಣು ಬೆರೆತದ್ದು ಚರ್ಮ ಹದ ಮಾಡುವವರಿಗೆ. ಉಪ್ಪಿಗೆ ದರ್ಜೆ ಇರುವಾಗ ಆಳಿಗೆ ಯಾಕಿರಬಾರದು ಎಂದುಕೊಂಡ. ಕೈಯಲ್ಲಿ ಕೊಳಗ ಹಿಡಿದವನಿಗೆ ಕಂಡದ್ದೆಲ್ಲ ಕಾಳು.

ಅಂದಿನಿಂದ ಹೊಸ ಕಟ್ಟಳೆ ಬಂತು. ಕಳ್ಳನನ್ನು ಹೊಡೆದು ಓಡಿಸಿದವನು ಅವನ ತಲೆಯ ರುಮಾಲು ತರಬೇಕು. ಹೆಚ್ಚು ರುಮಾಲು ತಂದವನಿಗೆ ಮೊದಲ ಎಲೆ ಮತ್ತು ತುಪ್ಪ. ಕಡಿಮೆ ತಂದವನಿಗೆ ಕಡೆಯ ಎಲೆ ಮತ್ತು ಉಳಿದದ್ದು. ಬಾಗಿಲ ಪಕ್ಕದ ಹಲಗೆಯ ಮೇಲೆ ವರ್ತಕ ಐದು ಹೆಸರುಗಳನ್ನು ಸುಣ್ಣದಲ್ಲಿ ಬರೆಸಿದ.

ಆ ಸಲ ಬಿಲ್ಲಿನವನು ಐದು ತಂದ. ಈಟಿಯವನು ಮೂರು, ಕತ್ತಿಯವನು ಮೂರು, ಕವಣೆಯವನು ಒಂದು. ಗಂಟೆಯವನು ಬರಿಗೈಯಲ್ಲಿ ನಿಂತ.

“ನಿನ್ನದು?” ಎಂದು ವರ್ತಕ ಕೇಳಿದ.

“ಹಿಂದಿನಿಂದ ಯಾರೂ ಬರಲಿಲ್ಲ, ಧಣಿ.”

“ಬಾರದ ಕಳ್ಳನ ರುಮಾಲನ್ನು ನಾನು ಹೇಗೆ ಎಣಿಸಲಿ?”

ಗಂಟೆಯವನು ಕಡೆಯ ಎಲೆಗೆ ಹೋಗಿ ಕೂತ. ವರ್ತಕ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದದ್ದಕ್ಕೆ ಅಳತೆಯುಂಟು. ಆಗದೆ ಉಳಿದದ್ದಕ್ಕೆ ಯಾವ ಪೇಟೆಯಲ್ಲೂ ಅಳತೆಯಿಲ್ಲ.

ಮೂರು ಪಯಣಗಳಲ್ಲೂ ಗಂಟೆಯವನ ಹೆಸರು ಹಲಗೆಯ ತಳದಲ್ಲೇ ಇತ್ತು. ನಾಲ್ಕನೆಯದಕ್ಕೆ ವರ್ತಕ ಅವನನ್ನು ಬಿಟ್ಟ. ಗಂಟೆಯನ್ನು ಮೊಳೆಗೆ ತೂಗುಹಾಕಿ, ಅವನ ಜಾಗಕ್ಕೆ ಇನ್ನೊಬ್ಬ ಕತ್ತಿಯವನನ್ನು ಸೇರಿಸಿಕೊಂಡ. ಆ ಸಲ ಹದಿನಾಲ್ಕು ರುಮಾಲು ಬಂದವು. ಅಷ್ಟು ಹಿಂದೆಂದೂ ಬಂದಿರಲಿಲ್ಲ. ಘಟ್ಟದ ತಲೆಯಲ್ಲಿ ನಿಂತು ಎಣಿಸಿದರೆ ಎತ್ತುಗಳು ಮಾತ್ರ ಇಪ್ಪತ್ತಮೂರು. ಏಳು ಎತ್ತುಗಳ ಹಗ್ಗವನ್ನು ಹಿಂದಿನಿಂದ ಯಾರೋ ಸದ್ದಿಲ್ಲದೆ ಕೊಯ್ದಿದ್ದರು. ಯಾವ ತಿರುವಿನಲ್ಲಿ ಎಂಬುದು ಕೂಡ ಯಾರಿಗೂ ಗೊತ್ತಿರಲಿಲ್ಲ.

ತಪ್ಪಾಯಿತೆಂದು ಬೇಗ ತಿಳಿಯುವ ವರ್ತಕರು ಕಡಿಮೆ. ಇವನಿಗೆ ತಿಳಿಯಿತು. ಹೊಸ ಕತ್ತಿಯವನನ್ನು ಕಳಿಸಿಬಿಟ್ಟ. ಮಾರನೆಯ ದಿನವೇ ಗಂಟೆಯವನ ಊರಿಗೆ ತಾನೇ ನಡೆದುಹೋದ. ಗಂಟೆಯವನು ಮನೆಯ ಮುಂದೆ ಹಗ್ಗ ಹೊಸೆಯುತ್ತಿದ್ದ. ತಲೆ ಎತ್ತದೆಯೇ, “ಕಡೆಯ ಎಲೆಗೆ ಯಾರೂ ಸಿಗಲಿಲ್ಲವೇ, ಧಣಿ?” ಎಂದ.

“ಇನ್ನು ಮೇಲೆ ಮೊದಲ ಎಲೆ ನಿನ್ನದು” ಎಂದ ವರ್ತಕ.

ಇಲ್ಲಿಗೆ ಶೆಟ್ಟರು ಮಾತು ನಿಲ್ಲಿಸಿ ನೀರು ಕುಡಿದರು. ಪಂಪಾಪತಿಗೆ ಸಮಾಧಾನವಾದಂತೆ ಕಂಡಿತು. “ಸರಿಯಾಯಿತಲ್ಲ, ಗುರುಗಳೇ. ತಪ್ಪಿದ ಪಟ್ಟಿಯನ್ನು ತಿದ್ದಿದ” ಎಂದ.

“ವರ್ತಕನೂ ಹಾಗೆಯೇ ಅಂದುಕೊಂಡ” ಎಂದು ಶೆಟ್ಟರು ಮುಂದುವರಿಸಿದರು.

ವರ್ತಕ ಹಲಗೆಯನ್ನು ಒರೆಸಿ ಹೊಸದಾಗಿ ಬರೆಸಿದ. ಎಲ್ಲರಿಗಿಂತ ಮೇಲೆ ಗಂಟೆಯವನ ಹೆಸರು. ಕೆಳಗೆ ಉಳಿದ ನಾಲ್ವರು. ಎಲ್ಲರ ಎದುರಿಗೆ ಅವನ ಅನ್ನಕ್ಕೆ ತುಪ್ಪ ಬಡಿಸಿದ. “ಕಡೆಯಲ್ಲಿ ನಡೆಯುವವನೇ ನಮ್ಮ ಮೊದಲಿಗ. ಇದು ಎಲ್ಲರಿಗೂ ನೆನಪಿರಲಿ” ಎಂದ.

ಎಲ್ಲರಿಗೂ ನೆನಪಿತ್ತು.

ಮುಂದಿನ ಪಯಣದ ಹೊತ್ತಿಗೆ ವರ್ತಕನಿಗೆ ಮೊಣಕಾಲು ಹಿಡಿದುಕೊಂಡಿತ್ತು. ಘಟ್ಟದ ತಲೆಯ ಕಟ್ಟೆಯ ಮೇಲೆ ಕೂತು ಕಾಯುವೆನೆಂದು ತಮ್ಮನಿಗೆ ಹೇಳಿದ. ತಮ್ಮ ಎತ್ತುಗಳನ್ನು ಹೊರಡಿಸಿದ. ಬಿಲ್ಲಿನವನು ಬಿಲ್ಲಿನ ಜೊತೆ ಒಂದು ಗಂಟೆಯನ್ನೂ ಕೊಂಡು ತಂದಿದ್ದ. ಈಟಿಯವನ ಸೊಂಟದಲ್ಲಿ ಒಂದು ಗಂಟೆ. ಕತ್ತಿಯವನ ಬಳಿ ಒಂದು, ಕವಣೆಯವನ ಬಳಿ ಒಂದು. ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಒಬ್ಬೊಬ್ಬರಾಗಿ ಎತ್ತುಗಳಿಗೆ ದಾರಿ ಬಿಟ್ಟು ಹಿಂದೆ ಉಳಿದರು.

ಗಂಟೆಯವನು ಹಿಂದಿರುಗಿ ನೋಡಿದ. ಅವನ ಹಿಂದೆ ಬಿಲ್ಲಿನವನಿದ್ದ. ಗಂಟೆಯವನಿಗೆ ತುಪ್ಪದ ನೆನಪಾಯಿತು. ಹನ್ನೊಂದು ವರ್ಷ ಯಾರ ಎಲೆಗೆ ಏನು ಬಿತ್ತೆಂದು ನೋಡದೆ ಉಂಡವನು ಅವನು. ಈಗ ನೋಡಿದ್ದ. ಒಂದು ಕಲ್ಲಿನ ಮೇಲೆ ಕೂತು, ಕಾಲಿನ ಮುಳ್ಳು ತೆಗೆಯುವವನಂತೆ ಮಾಡಿ, ಬಿಲ್ಲಿನವನನ್ನು ಮುಂದೆ ಹೋಗಲು ಬಿಟ್ಟ. ಬಿಲ್ಲಿನವನು ಮುಂದಿನ ತಿರುವಿನಲ್ಲಿ ನೀರು ಕುಡಿಯಲು ನಿಂತ. ಈಟಿಯವನು ಕಾಲಿನ ಕೆರ ಸರಿಮಾಡಿಕೊಳ್ಳಲು ನಿಂತ. ಹೀಗೆ ಒಬ್ಬನಿಗಿಂತ ಒಬ್ಬ ಹಿಂದೆ ಉಳಿದರು. ಹತ್ತು ಹೆಜ್ಜೆಗೊಮ್ಮೆ ಐವರೂ ಗಂಟೆ ಬಾರಿಸಿದರು. ಕಣಿವೆಯೆಲ್ಲ ಗಂಟೆಯ ಸದ್ದು. ಮುಂದೆ ಹೋಗುತ್ತಿದ್ದ ತಮ್ಮನಿಗೂ ಅದು ಕೇಳಿಸುತ್ತಿತ್ತು. ಬಾಲ ನೆಟ್ಟಗಿದೆ ಎಂದುಕೊಂಡು ಅವನು ಒಬ್ಬನೇ ಇಪ್ಪತ್ತಮೂರು ಎತ್ತುಗಳನ್ನು ಹೊಡೆದುಕೊಂಡು ನಡೆದ.

ಕಟ್ಟೆಯ ಮೇಲೆ ಕೂತಿದ್ದ ವರ್ತಕನಿಗೂ ಗಂಟೆಗಳು ಕೇಳಿಸಿದವು. ಒಂದಿದ್ದಲ್ಲಿ ಐದು. ಆಳುಗಳಿಗೆ ಬುದ್ಧಿ ಬಂತೆಂದು ಅವನಿಗೆ ಸಂತೋಷವಾಯಿತು. ಸದ್ದು ಹತ್ತಿರ ಬಂತು. ತಿರುವಿನಲ್ಲಿ ಬಿಲ್ಲಿನವನು ಕಾಣಿಸಿಕೊಂಡ. ಸ್ವಲ್ಪ ಹೊತ್ತಿಗೆ ಕತ್ತಿಯವನು. ಆಮೇಲೆ ಉಳಿದ ಮೂವರು. ಅವರ ಮುಂದೆ ಎತ್ತುಗಳಿರಲಿಲ್ಲ.

“ಎತ್ತುಗಳೆಲ್ಲಿ?” ಎಂದ ವರ್ತಕ.

ಐವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಮುಂದೆ ಬಂದವಲ್ಲ, ಧಣಿ?” ಎಂದರು.

ತಮ್ಮ ಮಾರನೆಯ ದಿನ ಸಿಕ್ಕಿದ, ಮೂರನೆಯ ತಿರುವಿನ ಕೆಳಗೆ, ಕಲ್ಲುಗಳ ನಡುವೆ. ಎತ್ತಿನ ಹಗ್ಗದ ತುಂಡು ಇನ್ನೂ ಅವನ ಕೈಯಲ್ಲಿತ್ತು. ತಲೆಯ ಮೇಲೆ ರುಮಾಲಿರಲಿಲ್ಲ. ಕಳ್ಳರೂ ಎಣಿಸಲು ಕಲಿತಿದ್ದರು.

ವರ್ತಕ ಊರಿಗೆ ಬಂದು ಹಲಗೆಯನ್ನು ಕೊಡಲಿಯಿಂದ ಸೀಳಿ ಒಲೆಗೆ ಹಾಕಿದ. ತಮ್ಮನ ತಿಥಿಯ ದಿನ ಐವರನ್ನೂ ಊಟಕ್ಕೆ ಕರೆದ. ಯಾರ ಮೇಲೂ ಸಿಟ್ಟು ಮಾಡಲಿಲ್ಲ. ಐದು ಎಲೆ ಹಾಕಿಸಿ, “ಪಟ್ಟಿ ಸುಟ್ಟುಹೋಯಿತು. ಮೊದಲಿನ ಹಾಗೆ ಕೂತು ಊಟ ಮಾಡಿ” ಎಂದ.

ಐವರೂ ಕೈಕಾಲು ತೊಳೆದುಕೊಂಡು ಬಂದರು. ಯಾರೂ ಕೂರಲಿಲ್ಲ. ಮೊದಲ ಎಲೆ ಯಾವುದು, ಕಡೆಯ ಎಲೆ ಯಾವುದು, ಯಾವುದರಲ್ಲಿ ಕೂತರೆ ಯಾರು ಏನೆಂದುಕೊಳ್ಳುತ್ತಾರೆ ಎಂದು ಲೆಕ್ಕ ಹಾಕುತ್ತ ನಿಂತರು. ಮೊದಲಿನ ಹಾಗೆ ಕೂರುವುದು ಹೇಗೆಂದು ಗಂಟೆಯವನಿಗೂ ಮರೆತಿತ್ತು. ಅನ್ನ ಆರಿತು. ವರ್ತಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಆಮೇಲೆ ಅವನು ಉಪ್ಪು ತರಲಿಲ್ಲ.

ಶೆಟ್ಟರು ವಲ್ಲಿಯನ್ನು ಬಿಡಿಸಿ ಮತ್ತೆ ಹೆಗಲಿಗೆ ಹಾಕಿಕೊಂಡರು.

ಪಂಪಾಪತಿ ಚಾಪೆಯ ಕಡ್ಡಿ ಮುರಿಯುತ್ತ ಕೂತಿದ್ದ. ಅವನ ಕಣ್ಣ ಮುಂದೆ ಹುಲುಗನ ಹೆಬ್ಬೆರಳು ಬಂತು. ನಾಲ್ಕು ದಿನ ಅದನ್ನು ಒಪ್ಪಿಗೆ ಎಂದೇ ತಿಳಿದಿದ್ದ. ಹೋದ ತಿಂಗಳ ಒಂದು ಆಟವೂ ನೆನಪಾಯಿತು. ಆ ಆಟದಲ್ಲಿ ತಾನು ಒಂಬತ್ತು ಜನರನ್ನು ಕೆಡವಿದ್ದ. ಕೆಡವುವ ಮೊದಲು ತಾನೇ ಆರು ಸಲ ಬಿದ್ದಿದ್ದ. ಆರು ಸಲವೂ ದೀಪ ಬಂದಿತ್ತು.

“ಹುಲುಗನನ್ನು ಬಿಡುವುದಿಲ್ಲ, ಗುರುಗಳೇ. ಪಟ್ಟಿಯನ್ನು ಈಗಲೇ ಅಳಿಸುತ್ತೇನೆ. ದೀಪದವಳು ನಮಗೆ ಬೇಕೆಂದು ಅವನಿಗೆ ಬರೆಯುತ್ತೇನೆ” ಎಂದು ಮೊಬೈಲನ್ನು ಎತ್ತಿಕೊಂಡ.

ಹುಲುಗನದೇ ಒಂದು ಸಂದೇಶ ಆಗಲೇ ಬಂದು ಕಾದಿತ್ತು. ಪಂಪಾಪತಿ ಅದನ್ನು ಗಟ್ಟಿಯಾಗಿ ಓದಿದ. ಓದುತ್ತ ಓದುತ್ತ ಅವನ ದನಿ ಇಳಿಯಿತು.

“ದೋಸ್ತ, ದೀಪದವಳನ್ನ ಬಿಟ್ಟುಬಿಟ್ಟೆ. ನಾಲ್ಕು ದಿನದಿಂದ ಬಿಲ್ಲಿನವನನ್ನ ಕಲೀತಿದ್ದೀನಿ. ಇವತ್ತು ಹನ್ನೊಂದು ಜನರನ್ನ ಕೆಡವಿದೆ, ಯಾರು ಬಿದ್ದರೂ ತಿರುಗಿ ನೋಡಲಿಲ್ಲ. ಈಗ ಹೇಳು, ನಾನು ಎಷ್ಟನೆಯವನು?”

ಪಂಪಾಪತಿ ಗುರುಗಳ ಮುಖ ನೋಡಿದ.

“ಗಂಟೆ ನಿಂತಿತು” ಎಂದರು ಶೆಟ್ಟರು.