ಕುಂಕುಮ ಮೆತ್ತಿದ ಬ್ಯಾಟರಿ

ಎಷ್ಟೋ ಕಾಲದ ಹಿಂದೆ, ಗುಡ್ಡದ ನೆತ್ತಿಯ ಮೇಲೆ ಕೆಂಗಲ್ಲಾಪುರವೆಂಬ ಊರಿತ್ತಂತೆ. ಊರಿಗೆಲ್ಲ ಇದ್ದದ್ದು ಒಂದೇ ಕಾರು. ಹಳೆಯ ಡೀಸೆಲ್ ಕಾರು. ಅದನ್ನು ಓಡಿಸುತ್ತಿದ್ದವನು ಜಂಬಣ್ಣ. ಕಣ್ಣಿಗೆ ಬಟ್ಟೆ ಕಟ್ಟಿದರೂ ಅದರ ಒಂದೊಂದು ನಟ್ಟು ಎಲ್ಲಿದೆಯೆಂದು ಹೇಳಬಲ್ಲೆನೆಂದು ಅವನಿಗೆ ಹೆಮ್ಮೆಯಂತೆ.

ಒಂದು ವರ್ಷ ಆಯುಧಪೂಜೆಯ ದಿನ ಅವನು ಕಾರನ್ನು ತೊಳೆದು, ಬಾನೆಟ್ ಎತ್ತಿ, ಬ್ಯಾಟರಿಯ ಎರಡು ತಲೆಗಳಿಗೂ ಕುಂಕುಮ ಮೆತ್ತಿದನಂತೆ. ಆರತಿಯ ಹೊತ್ತಿಗೆ ಕಾರಿನ ದೀಪ ಹಾಕಿದವನು ಆರಿಸಲು ಮರೆತನಂತೆ. ಹೋಳಿಗೆ ಉಂಡು ಮಲಗಿದ. ದೀಪ ಉರಿದು ಉರಿದು ಬ್ಯಾಟರಿಯನ್ನೆಲ್ಲ ಕುಡಿಯಿತು.

ಹೊತ್ತು ಇಳಿಯುವಾಗ ಅದೇ ಊರಿನ ತುಂಬು ಬಸುರಿ ಹುಲಿಗೆಮ್ಮನಿಗೆ ಹೆರಿಗೆ ನೋವು ಕಾಣಿಸಿಕೊಂಡಿತು. ಸೂಲಗಿತ್ತಿ ತಿಪ್ಪಮ್ಮ ಹೊಟ್ಟೆ ಮುಟ್ಟಿ ನೋಡಿ ಜಂಬಣ್ಣನ ಬಾಗಿಲಿಗೆ ಬಂದಳು.

"ಕೂಸು ಅಡ್ಡ ಮಲಗೇತಿ. ನನ್ನ ಕೈಯಾಗಿಲ್ಲಪ್ಪ. ಕೆಳಗ ಆಸ್ಪತ್ರೆಗೆ ಒಯ್ಯಬೇಕು."

ಚಾವಿ ತಿರುಗಿಸಿದರೆ ಟಕ್ ಎಂದು ಸುಮ್ಮನಾಯಿತು. ನೆರೆಯ ಮಾರೆಣ್ಣ ಟ್ರ್ಯಾಕ್ಟರ್ ತಂದು ನಿಲ್ಲಿಸಿದ. ಟ್ರೇಲರಿನಲ್ಲೇ ಒಯ್ಯೋಣ ಎಂದರೆ, ಆ ಕುಲುಕಾಟಕ್ಕೆ ತಾಯಿ ಉಳಿಯುವುದಿಲ್ಲ ಎಂದಳಂತೆ ತಿಪ್ಪಮ್ಮ. ಸರಿ, ಟ್ರ್ಯಾಕ್ಟರಿನ ಬ್ಯಾಟರಿಯಿಂದ ಕಾರಿಗೆ ಎರಡು ದಪ್ಪ ವೈರು ಎಳೆದರು. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಕೂಡಿಸಬೇಕು. ಆದರೆ ಗುರುತೆಲ್ಲ ಕುಂಕುಮದ ಅಡಿಯಲ್ಲಿತ್ತು. ಎರಡೂ ತಲೆ ಕೆಂಪು.

ಒರೆಸಿ ನೋಡು ಎಂದ ಮಾರೆಣ್ಣ.

"ಪೂಜೆ ಕುಂಕುಮ ಇವತ್ತೇ ಒರೆಸ್ತಾರೇನಲೇ? ನನ್ನ ಕಾರು ನನಗ ಗೊತ್ತಿಲ್ಲೇನು?"

ವೈರು ತಾಗಿಸಿದ. ನೀಲಿ ಕಿಡಿ ಹಾರಿತು. ಸುಟ್ಟ ರಬ್ಬರಿನ ವಾಸನೆ, ಹೊಗೆ. ಆಮೇಲೆ ಒರೆಸಿ ನೋಡಿದರೆ ಪ್ಲಸ್‌ಗೆ ಮೈನಸ್ ತಾಗಿತ್ತು. ಸರಿಯಾಗಿ ಜೋಡಿಸಿದರೂ ಕಾರು ಉಸಿರೆತ್ತಲಿಲ್ಲ. ದೀಪವಿಲ್ಲ, ಹಾರನ್ ಇಲ್ಲ, ಟಕ್ ಎನ್ನುವ ಸದ್ದೂ ಇಲ್ಲ. ಒಳಗಿನ ವೈರೆಲ್ಲ ಬೆಂದುಹೋಗಿತ್ತು. ಹುಲಿಗೆಮ್ಮ ನರಳುವುದು ಅಲ್ಲಿಗೂ ಕೇಳುತ್ತಿತ್ತು.

ಡೀಸೆಲ್ ಎಂಜಿನ್ ಒಮ್ಮೆ ಹತ್ತಿಕೊಂಡರೆ ಕರೆಂಟು ಕೇಳುವುದಿಲ್ಲ. ನಿಂತರೆ ಮಾತ್ರ ಮತ್ತೆ ಏಳುವುದಿಲ್ಲ. ನೂಕಿ ಹತ್ತಿಸುವುದೊಂದೇ ದಾರಿ ಉಳಿದಿತ್ತು. ಹುಲಿಗೆಮ್ಮನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಊರಿನವರೆಲ್ಲ ಸೇರಿ ಕಾರನ್ನು ಇಳಿಜಾರಿಗೆ ನೂಕಿದರು. ಕ್ಲಚ್ ಬಿಟ್ಟಾಗ ಅದು ಕೆಮ್ಮಿತಂತೆ, ಮತ್ತೆ ಕೆಮ್ಮಿತಂತೆ, ಹತ್ತಿಕೊಂಡಿತಂತೆ.

ಕತ್ತಲಾಗುತ್ತಿತ್ತು. ತಿರುವು ತಿರುವಿಗೂ ಅದಿರಿನ ಲಾರಿಗಳು ಹತ್ತಿ ಬರುವ ದಾರಿ ಅದು. ಮುಂದೆ ಕೂತ ತಿಪ್ಪಮ್ಮ ಆರತಿಯ ಹಿತ್ತಾಳೆ ತಟ್ಟೆಯನ್ನು ಕಿಟಕಿಯಿಂದ ಹೊರಗೆ ಹಿಡಿದು ಸೌಟಿನಿಂದ ಬಾರಿಸತೊಡಗಿದಳು.

"ತಟ್ಟೆ ನಿಲ್ಲಿಸಬ್ಯಾಡಬೇ" ಎಂದ ಜಂಬಣ್ಣ.

"ನೀ ಕಾರು ನಿಲ್ಲಿಸಬ್ಯಾಡ. ನಾ ತಟ್ಟೆ ನಿಲ್ಲಿಸಂಗಿಲ್ಲ."

ಹಾವಿನಂಥ ಕಡೆಯ ತಿರುವಿನಲ್ಲಿ ಎದುರಿಗೆ ಲಾರಿ ಬಂತು. ಪಕ್ಕದಲ್ಲಿ ಕಮರಿ. ಒಂದು ಕೈ ಹ್ಯಾಂಡ್‌ಬ್ರೇಕಿಗೆ, ಒಂದು ಕಾಲು ಆಕ್ಸಿಲರೇಟರಿಗೆ. ಎಂಜಿನ್ ತಗ್ಗಿತು, ನಡುಗಿತು, ಇನ್ನೇನು ಸಾಯಬೇಕು. ಅವನ ಕಾಲು ಮಾತ್ರ ಆಕ್ಸಿಲರೇಟರಿನಿಂದ ಮೇಲೇಳಲಿಲ್ಲವಂತೆ. ತಟ್ಟೆಯ ಸದ್ದು ಕೇಳಿದ ಲಾರಿಯವನು ಬಂಡೆಗೆ ಒರಗುವ ಹಾಗೆ ಲಾರಿಯನ್ನು ಹಿಂದಕ್ಕೆ ಸರಿಸಿ, ದಾರಿಗೆ ಬೆಳಕು ಬಿಟ್ಟು ನಿಂತ. ಜಂಬಣ್ಣನ ಕಾರು ಆ ಬೆಳಕಿನಲ್ಲಿ ಲಾರಿಯನ್ನು ಸವರಿಕೊಂಡಂತೆ ದಾಟಿತು.

ಆಸ್ಪತ್ರೆಯ ಬಾಗಿಲಲ್ಲಿ ಅವನು ಎಂಜಿನ್ ಆರಿಸಲಿಲ್ಲ. ಆರಿಸಲು ಭಯ. ಸ್ಟೀರಿಂಗ್ ಹಿಡಿದೇ ಕೂತಿದ್ದ. ಒಳಗಿನಿಂದ ಕೂಸಿನ ಅಳು ಕೇಳಿದ ಗಳಿಗೆಗೆ ಕಾರು ತಾನಾಗಿಯೇ ನಿಂತಿತಂತೆ. ದೇವರ ಮಹಿಮೆ ಎನ್ನುವವರಿದ್ದಾರೆ. ಡೀಸೆಲ್ ಮುಗಿದಿತ್ತು ಎಂದು ತಿಪ್ಪಮ್ಮ ಸಾಯುವ ತನಕ ಹೇಳುತ್ತಿದ್ದಳು. ಆಗ ಜಂಬಣ್ಣ ಸ್ಟೀರಿಂಗಿಗೆ ಹಣೆ ಹಚ್ಚಿ ಅತ್ತದ್ದನ್ನು ಮಾತ್ರ ಯಾರೂ ಅಲ್ಲಗಳೆಯುವುದಿಲ್ಲ.

ಈಗ ಕೆಂಗಲ್ಲಾಪುರದಲ್ಲಿ ಮನೆಗೊಂದು ಗಾಡಿ. ಆಯುಧಪೂಜೆಯ ದಿನ ಬ್ಯಾಟರಿಯ ಪ್ಲಸ್‌ಗೆ ಕುಂಕುಮ ಇಡುತ್ತಾರೆ, ಮೈನಸ್‌ಗೆ ವಿಭೂತಿ. ಬೇರೆ ಊರಿನಿಂದ ಬಂದ ಸೊಸೆಯಂದಿರು ಕುಂಕುಮದ ಬಟ್ಟಲು ಹಿಡಿದು ಬಾನೆಟ್ಟಿನ ಮೇಲೆ ಬಗ್ಗಿದರೆ, ಹಿಂದಿನಿಂದ ಯಾರಾದರೊಬ್ಬರು ಕೇಳುತ್ತಾರೆ:

"ಜಂಬಣ್ಣಗ ಗುರುತು ಕಾಣತೈತೇನವ್ವ?"

ಕೈ ಅಲ್ಲೇ ನಿಲ್ಲುತ್ತದೆ. ಮೊದಲು ಒರೆಸಿ, ಗುರುತು ನೋಡಿ, ಆಮೇಲೆ ಬೊಟ್ಟು.