ಕಾಗೆಗಿಟ್ಟ ತುತ್ತು

ಹೆಂಡತಿ ತೀರಿಕೊಂಡ ಮೇಲೆ ಕೊಟ್ರಯ್ಯ ಆಶ್ರಮ ಸೇರಿದ. ಮನುಷ್ಯ ಬಂಗಾರದಂಥವನು. ಆದರೆ ಒಂಟಿಯಾಗಿ ಐದು ನಿಮಿಷ ಕೂರು ಎಂದರೆ ಆಗದು.

ಆಶ್ರಮದ ಎದುರಿಗೆ, ಹೊಳೆಯ ನಡುವೆ ಒಂದು ಮರಳುದಿಬ್ಬ. ಯಾರ ಸ್ವಂತದ್ದೂ ಅಲ್ಲ, ಸರ್ಕಾರದ ಜಾಗ. ಬೇಸಿಗೆ ಬಂತೆಂದರೆ ರೀವ ಹಕ್ಕಿಗಳು ಅಲ್ಲಿ ಬರೀ ಮರಳ ಮೇಲೆ ಮೊಟ್ಟೆಯಿಡುತ್ತವೆ. ಗೂಡು ಗೀಡು ಏನೂ ಇಲ್ಲ.

ಆ ವರ್ಷ ಗುರುಗಳು ಅವನನ್ನು ಕರೆದರು. ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು.

“ಮರಿ ಹಾರೋ ತನಕ ದಿಬ್ಬದಾಗ ಇರು. ನಾಯಿ, ಮಂದಿ ಯಾರೂ ಹತ್ತಬಾರದು.”

“ನಾ ಒಬ್ಬನ ಏನ್ರಿ ಅಜ್ಜಾರ?”

“ಹಕ್ಕಿ ಅದಾವಲ್ಲ.”

ಕೊಟ್ರಯ್ಯ ಅಲ್ಲಿ ಗುಡಿಸಲು ಹಾಕಿಕೊಂಡ. ಹಕ್ಕಿಗಳೋ, ಇವನನ್ನು ಕ್ಯಾರೇ ಅನ್ನಲಿಲ್ಲ. ಹತ್ತಿರ ಹೋದರೆ ಕಿರುಚಿಕೊಂಡು ತಲೆಗೇ ಕುಕ್ಕಲು ಬರುತ್ತಿದ್ದವು.

ಉಣ್ಣುವ ಮುಂಚೆ ಕಾಗೆಗೊಂದು ತುತ್ತು ಇಡುವುದು ಆಶ್ರಮದ ಪದ್ಧತಿ. ಇಲ್ಲೂ ಅವನು ಅದನ್ನು ಬಿಡಲಿಲ್ಲ. ಆದರೆ ಆ ದಿಬ್ಬಕ್ಕೆ ಕಾಗೆ ಎಲ್ಲಿಂದ ಬರಬೇಕು! ತುತ್ತು ಬಿಸಿಲಿಗೆ ಒಣಗಿತು. ಇವನೂ ಅರ್ಧ ಊಟಕ್ಕೇ ಎದ್ದ.

ನಾಲ್ಕನೆಯ ದಿನ ಒಂದು ಕಾಗೆ ಬಂತು. ಅದರ ರೆಕ್ಕೆಯ ಗರಿಯೊಂದು ಮುರಿದಿತ್ತು. ಕತ್ತು ಓರೆ ಮಾಡಿ ಇವನನ್ನು ನೋಡಿತು, ತಿಂದಿತು.

ಅಬ್ಬಾ, ಅವನ ಸಂತೋಷ ಹೇಳತೀರದು!

“ಬಂದ್ಯಾ ನೀಲವ್ವಾ?” ಎಂದ. ತೀರಿಹೋದ ಹೆಂಡತಿಯ ಹೆಸರು ಅದು.

ಅಂದಿನಿಂದ ತುತ್ತು ದೊಡ್ಡದಾಯಿತು. ಒಂದು ಕಾಗೆ ಹೋಗಿ ಹತ್ತಾದವು. ಹತ್ತಕ್ಕೂ ಇಟ್ಟ, ಹತ್ತರ ಜೊತೆಗೂ ಹರಟಿದ.

ಒಂದು ಮುಂಜಾನೆ ರೀವಗಳ ಚೀರಾಟ ಕೇಳಿ ಎದ್ದು ಓಡಿದ. ಮರಳ ತುಂಬ ಒಡೆದ ಮೊಟ್ಟೆಯ ಚೂರು. ಅರ್ಧಕ್ಕರ್ಧ ಮೊಟ್ಟೆ ಹೋಗಿದ್ದವು. ಕಾಗೆಗಳ ಕೊಕ್ಕಿಗೆಲ್ಲ ಹಳದಿ ಮೆತ್ತಿತ್ತು.

ಅದೇ ದಿನ ಅಜ್ಜಾರು ತೆಪ್ಪದಲ್ಲಿ ಅಕ್ಕಿ ತಂದರು. ಕೊಟ್ರಯ್ಯ ಅವರ ಕಾಲಿಗೆ ಬಿದ್ದ.

“ತಪ್ಪಾತ್ರಿ. ಪದ್ಧತಿ ಅಂತ ಇಟ್ಟೆ.”

“ಪದ್ಧತಿಗೆ ಒಂದು ತುತ್ತು ಸಾಕಿತ್ತಲ್ಲೋ.”

ಅವನು ತಲೆ ಎತ್ತಲಿಲ್ಲ. “ಒಬ್ಬನ ಕುಂತು ಉಣ್ಣಾಕ ಆಗಲಿಲ್ರಿ. ನನ್ನ ಇಲ್ಲಿಂದ ಕರಕೊಂಡು ಹೋಗ್ರಿ.”

“ನಿನ್ನ ಹಿಂದ ಕಾಗೆನೂ ಬರತಾವೇನು? ಅವು ರುಚಿ ಇಲ್ಲೇ ಕಂಡಾವ.”

ಅಜ್ಜಾರು ಬೈಯಲಿಲ್ಲ. ತಂದ ಅಕ್ಕಿಯನ್ನು ಕೆಳಗಿಳಿಸಲೂ ಇಲ್ಲ. ಗುಡಿಸಲಿನ ಗಡಿಗೆ, ಹಿಟ್ಟು, ಉಳಿದ ಅನ್ನ ಎಲ್ಲವನ್ನೂ ತಾವೇ ಹೊತ್ತು ತೆಪ್ಪಕ್ಕೆ ಹಾಕಿದರು.

“ಇನ್ನ ಬುತ್ತಿ ತೆಪ್ಪದಾಗ ಬರತೈತಿ. ತೆಪ್ಪದಾಗ ಕುಂತು ಉಣ್ಣು. ದಿಬ್ಬದ ಮ್ಯಾಲ ಒಂದು ಅಗುಳೂ ಬೀಳಬಾರದು.”

ಅಷ್ಟರಲ್ಲಿ ಊಟದ ಹೊತ್ತಾಯಿತು. ಕಾಗೆಗಳು ಬಂದು ಸಾಲಾಗಿ ಕೂತವು. ಗರಿ ಮುರಿದ ಕಾಗೆ ಎಲ್ಲಕ್ಕಿಂತ ಮುಂದೆ ಬಂತು.

ಅಜ್ಜಾರು ಒಂದು ಕೋಲು ಹುಡುಕಿ ಕೊಟ್ರಯ್ಯನ ಕೈಗಿಟ್ಟರು.

“ಓಡಿಸು.”

ಅವನ ಕಣ್ಣಲ್ಲಿ ನೀರು ದಳದಳ ಇಳಿಯಿತು.

“ಅಜ್ಜಾರ, ಅದು ನಮ್ಮ ನೀಲವ್ವ ಇದ್ದರ? ಹಸಿದು ಬಂದಾಳ. ಹ್ಯಾಂಗ್ರಿ ಕೋಲು ಎತ್ತಲಿ?”

ಉಳಿದ ಮೊಟ್ಟೆಗಳಿಗೆ ಬಿಸಿಲು ತಾಗದಂತೆ ರೀವಗಳು ರೆಕ್ಕೆ ಸಡಿಲಿಸಿ ಕೂತಿದ್ದವು. ಅಜ್ಜಾರು ಆ ಹಕ್ಕಿಗಳತ್ತ ನೋಡಿದರು. ಆಮೇಲೆ ಕೊಟ್ರಯ್ಯನ ಹೆಗಲ ಮೇಲೆ ಕೈಯಿಟ್ಟರು.

“ನೀಲವ್ವ ಆಗಿದ್ದರ, ಆಕಿಗೆ ತಿಳೀತೈತಿ. ಓಡಿಸು.”