ಮೂರು ವ್ರತಗಳ ಮನೆ

ವಸುಮತಿ ಆಶ್ರಮದ ಮೆಟ್ಟಿಲು ಹತ್ತಿ ಬಂದಾಗ ಗುರುಗಳು ಜಗಲಿಯ ಮೇಲೆ ಕೂತು ನೆನೆದ ಅವರೆಕಾಳು ಹಿದುಕುತ್ತಿದ್ದರು.

ಏಳು ವರ್ಷದಿಂದ ಅವಳು ಅವರ ಹತ್ತಿರ ಪಾಠಕ್ಕೆ ಬರುತ್ತಿದ್ದಳು. ಅಂದು ಪುಸ್ತಕ ತಂದಿರಲಿಲ್ಲ. ನಮಸ್ಕಾರ ಮಾಡಲು ಬಗ್ಗಿದವಳು ಏಳಲೂ ಇಲ್ಲ.

“ಏಳಮ್ಮ, ಸಾಕು.”

“ನೆಲ ತಣ್ಣಗಿದೆ ಗುರುಗಳೇ. ಇನ್ನೊಂದು ಗಳಿಗೆ.”

ಗುರುಗಳು ಇನ್ನೊಂದು ಹಿಡಿ ಕಾಳು ಹಿದುಕಿದರು.

ಎದ್ದು ಕೂತ ಮೇಲೆ ಅವಳು ಕೇಳಿದಳು. “ನನಗೆ ಮೌನವ್ರತ ಕೊಡಿ. ನಲವತ್ತೆಂಟು ದಿನ.”

“ಸೋಮವಾರದ ಮೌನ ಮಾಡ್ತಿದ್ದೀಯಲ್ಲ?”

“ವಾರಕ್ಕೆ ಒಂದು ದಿನ ಏತಕ್ಕೂ ಸಾಲೋಲ್ಲ.”

ಆಶ್ರಮದಲ್ಲಿ ಒಂದು ಕಟ್ಟಳೆಯಿತ್ತು. ದೊಡ್ಡ ವ್ರತ ಹಿಡಿಯುವವರು ಮನೆಯ ಪ್ರತಿಯೊಬ್ಬರ ಬಾಯಿಂದಲೂ ‘ಆಗಲಿ’ ಅನ್ನಿಸಿಕೊಂಡು ಬರಬೇಕು.

“ಮನೆಯಲ್ಲಿ ಎಲ್ಲರೂ ‘ಆಗಲಿ’ ಅಂದರಾ?”

“ಅಣ್ಣ ಅತ್ತಿಗೆ ಜೊತೆ ನನಗೆ ಮಾತಿಲ್ಲ. ದೀಪಾವಳಿಯಿಂದ.”

“ಹಾಗಾದರೆ ಅರ್ಧ ವ್ರತ ಆಗಲೇ ನಡೆದುಹೋಗಿದೆ.”

ಅವಳಿಗೆ ನಗು ಬರಲಿಲ್ಲ.

“ಅಪ್ಪ ಹೇಗಿದ್ದಾರೆ?” ಎಂದರು ಗುರುಗಳು.

ಅಪ್ಪನಿಗೆ ಮರೆವಿನ ಕಾಯಿಲೆ ಹಿಡಿದು ನಾಲ್ಕು ವರ್ಷವಾಗಿತ್ತು. ಮೊದಲು ಊರಿನ ದಾರಿಗಳು ಹೋದವು, ಆಮೇಲೆ ಮಕ್ಕಳ ಹೆಸರು, ಆಮೇಲೆ ಬಚ್ಚಲು ಎಲ್ಲಿದೆ ಎಂಬುದು. ಒಂದು ಪ್ರಶ್ನೆ ಮಾತ್ರ ಉಳಿದಿತ್ತು. “ಕರು ಕಟ್ಟಿದ್ರೇನಮ್ಮಾ?” ಮನೆಯಲ್ಲಿ ಹಸುವೂ ಇರಲಿಲ್ಲ, ಕರುವೂ ಇರಲಿಲ್ಲ. ಕಟ್ಟಿದೆ ಅಂದರೆ ಅವರಿಗೆ ಸಮಾಧಾನ. ಆ ಸಮಾಧಾನ ಒಂದು ಲೋಟ ನೀರು ಕುಡಿದು ಮುಗಿಸುವಷ್ಟು ಹೊತ್ತು ಇರುತ್ತಿತ್ತು.

“ಮೊದಲು ನಾನು ಸೋಮವಾರ ಮೌನ ಹಿಡಿದೆ,” ಎಂದಳು ವಸುಮತಿ. “ಅದನ್ನು ನೋಡಿ ಅಣ್ಣ ಸಾವಿರದೆಂಟು ಜಪ ಶುರು ಮಾಡಿದ. ಕೈಯಲ್ಲಿ ಮಣಿ ಇರುವಾಗ ಅವನನ್ನು ಮಾತಾಡಿಸೋ ಹಾಗಿಲ್ಲ. ಅತ್ತಿಗೆ ಮಡಿ ಹಿಡಿದರು. ಮಧ್ಯಾಹ್ನದ ತನಕ ಅವರನ್ನು ಮುಟ್ಟೋ ಹಾಗಿಲ್ಲ.”

“ಹೂಂ.”

“ಒಂದು ಸೋಮವಾರ ಮೂರೂ ಒಟ್ಟಿಗೆ ಬಂತು. ಅಪ್ಪ ನನ್ನನ್ನು ಕೇಳಿದರು, ನಾನು ಬಾಯಿ ಮೇಲೆ ಬೆರಳಿಟ್ಟು ತೋರಿಸಿದೆ. ಅಣ್ಣನ ಹತ್ತಿರ ಹೋದರು, ಅವನು ಕಣ್ಣು ಬಿಡಲಿಲ್ಲ. ಅತ್ತಿಗೆ ‘ಮುಟ್ಟಬೇಡಿ, ಮುಟ್ಟಬೇಡಿ’ ಅಂತ ಹಿಂದೆ ಸರಿದರು. ಆಗ ಅಪ್ಪ ಬಟ್ಟೆ ಒಣಗಿಸೋ ಹಗ್ಗ ಬಿಚ್ಚಿಕೊಂಡು ತಾವೇ ಕರು ಕಟ್ಟೋಕೆ ಹೊರಟರು.”

ಹೊಳೆಗೆ ಇಳಿದಿದ್ದವರನ್ನು ದೋಣಿಯವನು ಕರೆದುಕೊಂಡು ಬಂದಾಗ ಅಪ್ಪ ಎದೆಯ ತನಕ ನೆನೆದಿದ್ದರು. ಹಗ್ಗ ಮಾತ್ರ ಬಿಟ್ಟಿರಲಿಲ್ಲ.

ಅಂದು ಮೂವರೂ ಒಬ್ಬರ ಮೇಲೊಬ್ಬರು ಹಾರಿಬಿದ್ದರು. ನಾನು ದೇವರ ಕೆಲಸದಲ್ಲಿದ್ದೆ, ನೀನೇನು ಮಾಡುತ್ತಿದ್ದೆ ಎಂದು ಪ್ರತಿಯೊಬ್ಬರೂ ಕೇಳಿದರು. ಅಲ್ಲಿಗೆ ಮಾತು ನಿಂತುಹೋಯಿತು.

“ಈಗ ಏನಾದರೂ ಬೇಕಾದರೆ ಹೇಗೆ?”

“ಅಪ್ಪನ ಕೈಲಿ ಹೇಳಿಸ್ತೀವಿ. ‘ಅಪ್ಪಾ, ಮಾತ್ರೆ ಮುಗಿದಿದೆ ಅಂತ ನಿಮ್ಮ ಮಗಳಿಗೆ ಹೇಳಿ’ ಅಂತಾನೆ ಅಣ್ಣ. ನಾನು ಅಲ್ಲೇ ಪಕ್ಕದಲ್ಲಿ ನಿಂತಿರ್ತೀನಿ.”

“ಅಪ್ಪ ಹೇಳ್ತಾರಾ?”

“ಕರು ಕಟ್ಟಿದ್ರಾ ಅಂತಾರೆ.”

ಗುರುಗಳ ಬೆರಳು ನಿಂತಿತು. “ಸಾಕಾಗಿದೆ ಅಂತ ನೀನು ಅಣ್ಣನಿಗೆ ಯಾವತ್ತಾದರೂ ಹೇಳಿದ್ದೀಯಾ?”

“ಹೆತ್ತ ಅಪ್ಪ, ಗುರುಗಳೇ. ಹಾಗೆ ಹೇಳೋಕಾಗುತ್ತಾ? ವ್ರತ ಅಂದರೆ ಯಾರೂ ಏನೂ ಅನ್ನೋಲ್ಲ.”

ಹೇಳಿದ ಮೇಲೆ ಅವಳು ಸೆರಗಿನ ತುದಿ ನೋಡುತ್ತ ಕೂತಳು.

“ಹೋಗು,” ಎಂದರು ಗುರುಗಳು. “ಮೂವರ ಹತ್ತಿರವೂ ಆಗಲಿ ಅನ್ನಿಸಿಕೊಂಡು ಬಾ.”

ಮರುದಿನ ಬೆಳಿಗ್ಗೆ ಅವಳು ಬಂದಳು. ಒಬ್ಬಳೇ ಬರಲಿಲ್ಲ. ಹಿಂದೆ ಅಣ್ಣ ಶೇಷಾದ್ರಿ, ಅವನ ಹಿಂದೆ ಅತ್ತಿಗೆ ಕನಕವಲ್ಲಿ. ಅಪ್ಪನನ್ನು ನೋಡಿಕೊಂಡು ಮನೆಯಲ್ಲಿ ಉಳಿಯಲು ಯಾರೂ ಒಪ್ಪದೆ ಅಪ್ಪನೂ ಬಂದಿದ್ದರು.

ಶೇಷಾದ್ರಿ ಕೈಮುಗಿದ. “ಗುರುಗಳೇ, ಇವಳಿಗೆ ನಲವತ್ತೆಂಟು ದಿನ ಅಂದರೆ ನನಗೂ ಅಪ್ಪಣೆ ಕೊಡಿ. ಕಾಶಿಗೆ ಹೋಗಿ ಬರ್ತೀನಿ.”

“ಹೋಗಿ, ಹೋಗಿ,” ಎಂದಳು ಕನಕವಲ್ಲಿ. “ಅಣ್ಣ ತಂಗಿ ಇಬ್ಬರೂ ಪುಣ್ಯ ಸಂಪಾದಿಸಿ. ಮಾವನವರ ಪಂಚೆ ಒಗೆಯೋಕೆ ನಾನಿದ್ದೀನಲ್ಲ.”

“ಅಪ್ಪ ಏನಂದರು?” ಗುರುಗಳು ವಸುಮತಿಯನ್ನು ಕೇಳಿದರು.

“ಆಗಲಿ ಮಗು ಅಂದರು. ಏನು ಆಗಲಿ ಅಂತ ಅವರಿಗೆ ಗೊತ್ತಿಲ್ಲ.”

ಗುರುಗಳು ಅಪ್ಪನ ಕೈ ಹಿಡಿದು ಜಗಲಿಗೆ ಹತ್ತಿಸಿ ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರು. ಮಕ್ಕಳು, ಸೊಸೆ ಕೆಳಗೆ ಮೆಟ್ಟಿಲ ಮೇಲೆ ಕೂತರು, ನಡುವೆ ಒಬ್ಬೊಬ್ಬರು ಕೂರುವಷ್ಟು ಜಾಗ ಬಿಟ್ಟು.

“ಕರು ಕಟ್ಟಿದ್ರಾ?” ಎಂದರು ಅಪ್ಪ.

“ಕಟ್ಟಿದೆ ಸ್ವಾಮಿ. ಹುಲ್ಲೂ ಹಾಕಿದೆ.”

ಅಪ್ಪನ ಮುಖ ಅರಳಿತು. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದರು. ಗುರುಗಳು ಮತ್ತೆ ಹೇಳಿದರು, ಅದೇ ನಗುವಿನಲ್ಲಿ. ಅಣ್ಣ ನೋಡಲಿ, ನೋಡಿ ಕಲಿಯಲಿ ಎಂದುಕೊಂಡಳು ವಸುಮತಿ. ಅಣ್ಣನೂ ಅವಳ ಕಡೆಗೇ ವಾರೆಗಣ್ಣಲ್ಲಿ ನೋಡುತ್ತಿದ್ದ.

ಬಿಸಿಲು ಮೆಟ್ಟಿಲು ಹತ್ತಿ ಬಂತು. ಗುರುಗಳ ಉತ್ತರದಿಂದ ಹುಲ್ಲು ಬಿಟ್ಟುಹೋಯಿತು. ಆಮೇಲೆ ಸ್ವಾಮಿ ಬಿಟ್ಟುಹೋಯಿತು. ಆಮೇಲೆ ನಗು.

“ಕಟ್ಟಿದೆ.”

“ಕರು...”

“ಹೂಂ.”

“ಅಲ್ಲಾ, ಕರು ಕಟ್ಟಿದ್ರಾ?”

“ಕಟ್ಟಿದೆ ಅಂದೆನಲ್ರೀ! ಎಷ್ಟು ಸಲ ಹೇಳೋದು?”

ಅಪ್ಪ ಕೈಗಳನ್ನು ಮಡಿಲಿಗೆ ಎಳೆದುಕೊಂಡರು.

ವಸುಮತಿಗೆ ಕಿವಿ ಬಿಸಿಯಾಯಿತು. ದಿನಾ ಹಿತ್ತಿಲ ಬಾಗಿಲಲ್ಲಿ ನಿಂತು ಅವಳು ಕೂಗುತ್ತಿದ್ದುದು ಇದೇ ಮಾತು, ಇದೇ ಧ್ವನಿ. ಶೇಷಾದ್ರಿ ತಲೆ ತಗ್ಗಿಸಿದ್ದ. ಕನಕವಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡರೂ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತಲೇ ಕಣ್ಣು ಒರೆಸಿಕೊಂಡಳು. ವಸುಮತಿ ಅವಳ ಕಡೆ ತಿರುಗಿದಳು. ಅತ್ತಿಗೆಯ ಕಣ್ಣಿನ ಕೆಳಗೆ ಎಷ್ಟು ಕಪ್ಪಾಗಿದೆ ಎಂಬುದನ್ನು ಅವಳು ನೋಡಿರಲೇ ಇಲ್ಲ.

“ಗುರುಗಳೇ,” ಎಂದಳು ವಸುಮತಿ ಮೆಲ್ಲಗೆ. “ನಿಮಗೂ ಸಾಕಾಯಿತಾ?”

ಗುರುಗಳು ಅಪ್ಪನ ಮೊಣಕಾಲನ್ನು ಎರಡು ಸಲ ತಟ್ಟಿದರು. ಆಮೇಲೆ ಗೋಡೆ ಹಿಡಿದುಕೊಂಡು, ಸೊಂಟ ನೆಟ್ಟಗೆ ಮಾಡಿಕೊಂಡು ಎದ್ದರು.

“ನನ್ನ ಕೈಲಿ ಇನ್ನಾಗೋಲ್ಲಮ್ಮ. ನಿಮ್ಮಲ್ಲಿ ಯಾರಾದರೂ ಬಂದು ಇಲ್ಲಿ ಕೂತ್ಕೊಳ್ಳಿ. ನಾನು ಸ್ವಲ್ಪ ಹೊಳೆ ಕಡೆ ಹೋಗಿ ಬರ್ತೀನಿ.”